ಬಡತನವನ್ನು ಭಾಷೆಯ ಲೆಕ್ಕಕ್ಕೆ ಬರೆದಾಗ

1963ರಲ್ಲಿ ಲಂಡನ್ನಿನ ಪಶ್ಚಿಮ ಭಾಗದ ಸೌಥಾಲ್‌ನಲ್ಲಿ ಬಿಳಿಯ ತಂದೆತಾಯಂದಿರು ಗಲಾಟೆ ಎಬ್ಬಿಸಿದರು. ಪಂಜಾಬಿನಿಂದ ಬಂದವರ ಮಕ್ಕಳು ಶಾಲೆಗಳನ್ನು ತುಂಬುತ್ತಿದ್ದಾರೆ, ಇಂಗ್ಲಿಷ್ ಬಾರದ ಅವರಿಗೆ ಹೇಳಿಕೊಡುವುದರಲ್ಲೇ ಮೇಷ್ಟ್ರ ಹೊತ್ತು ಕಳೆಯುತ್ತಿದೆ, ನಮ್ಮ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಎಂಬುದು ಅವರ ದೂರು. ಶಿಕ್ಷಣ ಸಚಿವ ಎಡ್ವರ್ಡ್ ಬಾಯ್ಲ್ ಖುದ್ದಾಗಿ ಬಂದು ಕೇಳಿಸಿಕೊಂಡರು. 1965ರ ಸರ್ಕಾರಿ ಸುತ್ತೋಲೆ, ಒಂದು ಶಾಲೆಯಲ್ಲಿ ವಲಸಿಗರ ಮಕ್ಕಳು ಸುಮಾರು ಮೂರನೇ ಒಂದು ಭಾಗ ಮೀರದಂತೆ ನೋಡಿಕೊಳ್ಳಿ ಎಂದಿತು. ಸೌಥಾಲ್‌ನ ಮಕ್ಕಳನ್ನು ಬೆಳಗ್ಗೆ ಬಸ್ಸು ಹತ್ತಿಸಿ ದೂರದ ಶಾಲೆಗಳಿಗೆ ಹಂಚಿದರು. 1970ರ ದಶಕದುದ್ದಕ್ಕೂ ಈ ಏರ್ಪಾಡು ನಡೆಯಿತು. ಬಸ್ಸು ಹತ್ತಿದ್ದು ವಲಸಿಗರ ಮಕ್ಕಳು ಮಾತ್ರ.

ಇಂಗ್ಲಿಷ್ ಮನೆಮಾತಲ್ಲದ ಮಗು ಪಕ್ಕದಲ್ಲಿ ಕೂತರೆ ಉಳಿದವರ ಕಲಿಕೆ ನಿಜವಾಗಿಯೂ ಕುಗ್ಗುತ್ತದೆಯೇ? ಆಗ ಇದನ್ನು ದೇಶದುದ್ದಕ್ಕೂ ಯಾರೂ ಅಳೆದಿರಲಿಲ್ಲ. ಅಳೆಯುವ ಸಾಮಗ್ರಿಯೂ ಇರಲಿಲ್ಲ. 1966ರಿಂದ ‘ವಲಸಿಗ’ ಮಕ್ಕಳ ತಲೆ ಎಣಿಸುತ್ತಿದ್ದ ಸರ್ಕಾರ 1973ರಲ್ಲಿ ಅದನ್ನೂ ಕೈಬಿಟ್ಟಿತು. ಒಳಲಂಡನ್ನಿನ ಶಿಕ್ಷಣ ಪ್ರಾಧಿಕಾರ 1981ರಿಂದ ಮಕ್ಕಳ ಮನೆಮಾತುಗಳ ಗಣತಿ ಶುರುಮಾಡಿತು. ಮೊದಲ ಸಲ ಸಿಕ್ಕಿದ್ದು 131 ಭಾಷೆ, 1987ರ ಹೊತ್ತಿಗೆ 172. ಎಷ್ಟು ಭಾಷೆಗಳಿವೆ ಎಂದು ಗೊತ್ತಾಯಿತು. ಯಾವ ಮನೆಮಾತಿನ ಮಗುವಿಗೆ ಎಷ್ಟು ಅಂಕ ಬಂತು, ಅದರ ಪಕ್ಕದ ಮಗುವಿಗೆ ಎಷ್ಟು ಬಂತು ಎಂದು ದೇಶದುದ್ದಕ್ಕೂ ಜೋಡಿಸಿ ನೋಡುವ ದಾರಿ ಮಾತ್ರ ಇರಲಿಲ್ಲ.

ಆ ದಾರಿ ತೆರೆದದ್ದು 2002ರಲ್ಲಿ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳೆಲ್ಲ ಅಂದಿನಿಂದ ಪ್ರತಿ ಮಗುವಿನ ವಿವರವನ್ನು ಬೇರೆಬೇರೆಯಾಗಿ ಕಳಿಸತೊಡಗಿದವು. ರಾಷ್ಟ್ರೀಯ ವಿದ್ಯಾರ್ಥಿ ದತ್ತಾಂಶದಲ್ಲಿ ಒಂದು ಮಗುವಿಗೆ ಒಂದು ಸಾಲು: ಮನೆಮಾತು ಇಂಗ್ಲಿಷೋ ಬೇರೆಯೋ, ಬಡ ಕುಟುಂಬಕ್ಕೆ ಸಿಗುವ ಉಚಿತ ಊಟ ಪಡೆಯುತ್ತದೆಯೇ ಇಲ್ಲವೇ, ಹನ್ನೊಂದನೇ ವಯಸ್ಸಿನ ಪರೀಕ್ಷೆಯಲ್ಲಿ ಎಷ್ಟು ಅಂಕ. ಮನೆಮಾತಿನ ಕಲಂ ತುಂಬುವ ನಿಯಮ ಸಡಿಲ. ಎಳವೆಯಲ್ಲಿ ಕಿವಿಗೆ ಬಿದ್ದು ಈಗಲೂ ಮನೆಯಲ್ಲಿ ಬಳಕೆಯಲ್ಲಿರುವ ಭಾಷೆ ಬೇರೆಯಾಗಿದ್ದರೆ ಸಾಕು. ಲಂಡನ್ನಿನಲ್ಲೇ ಹುಟ್ಟಿ, ಅಜ್ಜಿಯೊಡನೆ ಕನ್ನಡ ಆಡುತ್ತ ಇಂಗ್ಲಿಷಿನಲ್ಲಿ ತರಗತಿಗೇ ಮೊದಲಾಗಿ ಬರುವ ಮಗುವೂ ಈ ಕಲಮಿಗೇ ಸೇರುತ್ತದೆ.

2004ರ ಮೇ 1ರಂದು ಪೋಲೆಂಡ್ ಸೇರಿದಂತೆ ಹತ್ತು ದೇಶಗಳು ಐರೋಪ್ಯ ಒಕ್ಕೂಟಕ್ಕೆ ಬಂದವು. ಮೊದಲ ದಿನದಿಂದಲೇ ಅಲ್ಲಿನವರಿಗೆ ಕೆಲಸದ ಬಾಗಿಲು ತೆರೆದಿದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಸರ್ಕಾರಕ್ಕಾಗಿ ಸಿದ್ಧಪಡಿಸಿದ್ದ ಅಂದಾಜು ವರ್ಷಕ್ಕೆ 5,000ದಿಂದ 13,000 ಜನ. ಆ ಅಂದಾಜು ನೀರುಪಾಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರಲ್ಲಿ ಸುಮಾರು 58,000 ಇದ್ದ ಪೋಲೆಂಡ್ ಸಂಜಾತರು 2011ರಲ್ಲಿ 5.79 ಲಕ್ಷ. ಶಾಲೆಗಳಲ್ಲಿ ಪೋಲಿಷ್ ಮಾತು ಕೇಳತೊಡಗಿತು. ಅದರ ಜೊತೆಗೆ ಸೌಥಾಲ್‌ನ ಹಳೆಯ ದೂರೂ ಹೊಸದಾಗಿ ಕೇಳಿಬಂತು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧನಾ ವಲಯದ ಶಾರ್ಲೋಟ್ ಜೇ, ಸಾಂಡ್ರಾ ಮೆಕ್‌ನಾಲಿ, ಶ್ಕಿಪೋನ್ಯಾ ತೆಲ್ಹಾಯ್ ಈ ದೂರನ್ನು ದತ್ತಾಂಶದ ಎದುರು ಇಟ್ಟು ನೋಡಿದರು. ಮೊದಲ ನೋಟಕ್ಕೆ ದೂರು ಕೊಟ್ಟವರೇ ಗೆದ್ದಂತಿತ್ತು. ಬೇರೆ ಮನೆಮಾತಿನ ಮಕ್ಕಳು ಹೆಚ್ಚಿದ್ದ ಕಡೆ ಇಂಗ್ಲಿಷ್ ಮನೆಮಾತಿನ ಮಕ್ಕಳ ಅಂಕ ತುಸು ಕಡಿಮೆಯೇ ಇತ್ತು.

ಕೊಡೆಗಳು ಹೆಚ್ಚು ಕಾಣುವ ದಿನವೇ ರಸ್ತೆ ಕೊಚ್ಚೆಯಾಗಿರುತ್ತದೆ, ಹಾಗೆಂದು ಕೊಚ್ಚೆ ಮಾಡಿದ್ದು ಕೊಡೆಯಲ್ಲ. ಇಲ್ಲಿ ಮಳೆ ಯಾವುದು ಎಂದು ಹುಡುಕಬೇಕಿತ್ತು. ಹೊಸದಾಗಿ ಬಂದವರು ಬಾಡಿಗೆ ಅಗ್ಗವಿರುವ ಕಡೆ ಮನೆ ಹಿಡಿಯುತ್ತಾರೆ. ಅದೇ ಬೀದಿಗಳಲ್ಲಿ ಸ್ಥಳೀಯ ಬಡವರೂ ಇರುತ್ತಾರೆ. ಎರಡೂ ಮನೆಗಳ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ. ಆ ಸ್ಥಳೀಯ ಮಕ್ಕಳ ಅಂಕ ಕಡಿಮೆಯಿರಲು ಪಕ್ಕದ ಬೆಂಚಿನ ಭಾಷೆ ಬೇಕಿರಲಿಲ್ಲ, ತಮ್ಮದೇ ಮನೆಯ ಬಡತನ ಸಾಕಿತ್ತು. ಉಚಿತ ಊಟದಂಥ ವಿವರಗಳನ್ನು ಲೆಕ್ಕಕ್ಕೆ ತಂದು ಹೋಲಿಸಿದಾಗ ಕಂಡಿದ್ದ ವ್ಯತ್ಯಾಸ ಬಹುಪಾಲು ಕರಗಿಹೋಯಿತು.

ಇಷ್ಟಕ್ಕೇ ಒಪ್ಪಲು ಸಂಶೋಧಕರು ಸಿದ್ಧರಿರಲಿಲ್ಲ. ದತ್ತಾಂಶದ ಕಲಮುಗಳಿಗೆ ಸಿಗದ ಇನ್ನೇನೋ ಕಾರಣ ಉಳಿದಿರಬಹುದು. ಹೊಸಬರು ಬಂದು ಸೇರಿದ್ದಕ್ಕೆ ಶಾಲೆಯ ಸ್ಥಿತಿಗತಿಯಾಗಲಿ ಬೀದಿಯ ಬಡತನವಾಗಲಿ ಕಾರಣವಲ್ಲದ ಸಂದರ್ಭವೊಂದು ಬೇಕಿತ್ತು. ಅದನ್ನು ಒದಗಿಸಿದ್ದು ಚರ್ಚು. ಪೋಲೆಂಡಿನವರಲ್ಲಿ ಬಹುತೇಕರು ಕ್ಯಾಥೊಲಿಕರು. ಇಂಗ್ಲೆಂಡಿನಲ್ಲಿ ಸರ್ಕಾರಿ ಹಣದಲ್ಲೇ ನಡೆಯುವ ಕ್ಯಾಥೊಲಿಕ್ ಶಾಲೆಗಳಿವೆ. ಸೀಟಿಗೆ ಪೈಪೋಟಿ ಇದ್ದಾಗ ಅವು ಜ್ಞಾನಸ್ನಾನದ ಪ್ರಮಾಣಪತ್ರವನ್ನೋ ಪಾದ್ರಿಯ ಪತ್ರವನ್ನೋ ನೋಡಿ ತಮ್ಮ ಧರ್ಮದ ಮಕ್ಕಳಿಗೆ ಮೊದಲ ಅವಕಾಶ ಕೊಡಬಹುದು. ಹೀಗಾಗಿ 2004ರ ನಂತರ ಈ ಶಾಲೆಗಳಿಗೆ ಪೋಲಿಷ್ ಮಕ್ಕಳು ಹೆಚ್ಚಾಗಿ ಬಂದರು. ಅವರನ್ನು ಕರೆತಂದದ್ದು ಧರ್ಮ. ಇದೇ ಪ್ರವಾಹದ ಮುಂಚಿನ ಮತ್ತು ನಂತರದ ವರ್ಷಗಳನ್ನು ಇಟ್ಟು ನೋಡಿದರೆ, ಮನೆಮಾತಿನ ಮಿಶ್ರಣವೊಂದೇ ಏನು ಮಾಡುತ್ತದೆ ಎಂದು ತಿಳಿಯುವಂತಿತ್ತು.

ನೋಡಿದರು. ಇಂಗ್ಲಿಷ್ ಮನೆಮಾತಿನ ಮಕ್ಕಳ ಅಂಕ ಕುಸಿದಿರಲಿಲ್ಲ. 2013ರಲ್ಲಿ ‘ಎಕನಾಮಿಕ್ ಜರ್ನಲ್’ನಲ್ಲಿ ಅಚ್ಚಾದ ಲೇಖನದ ತೀರ್ಮಾನದ ಸಾರ: ಪರಿಣಾಮ ಸೊನ್ನೆ.

ಸೊನ್ನೆ ಎಂಬ ಉತ್ತರಕ್ಕೆ ಪತ್ರಿಕೆಯ ಮುಖಪುಟದಲ್ಲಿ ಜಾಗ ಸಿಗುವುದು ಕಷ್ಟ, ಮತ ಬದಲಿಸುವುದು ಇನ್ನೂ ಕಷ್ಟ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಎಂಬ 2016ರ ಜನಮತಗಣನೆಯಲ್ಲಿ ಬಿಡಬೇಕೆಂದು ಅತಿ ಹೆಚ್ಚು ಪ್ರಮಾಣದಲ್ಲಿ, ಶೇ. 75.6ರಷ್ಟು, ಮತ ಹಾಕಿದ್ದು ಬಾಸ್ಟನ್. ಲಿಂಕನ್‌ಶೈರ್‌ನ ತರಕಾರಿ ಹೊಲಗಳ ಕೆಲಸಕ್ಕೆ ಪೂರ್ವ ಯುರೋಪಿನವರು ಕೆಲವೇ ವರ್ಷಗಳಲ್ಲಿ ಬಂದು ನೆಲೆಸಿದ ಊರು ಅದು. ಒಳಲಂಡನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ಮನೆಮಾತು ಇಂಗ್ಲಿಷಲ್ಲ. ಆದರೂ ಲಂಡನ್ನಿನ ಶೇ. 59.9 ಮತ ಒಕ್ಕೂಟದಲ್ಲೇ ಇರೋಣ ಎಂದಿತು. ವಲಸೆಯ ಬಗೆಗಿನ ಜನರ ಧೋರಣೆಗೆ ಎಷ್ಟು ಜನ ಬಂದರು ಎಂಬುದರ ಜೊತೆಗೆ ಎಷ್ಟು ಬೇಗ ಬಂದರು ಎಂಬುದೂ ಸೇರಿರುತ್ತದೆ. ಬಾಡಿಗೆ, ಕೂಲಿ, ಆಸ್ಪತ್ರೆಯ ಸರದಿ ಎಲ್ಲವೂ ಅದರಲ್ಲಿವೆ. ಆ ಪಟ್ಟಿಯಿಂದ ಈ ಸಂಶೋಧನೆ ಹೊಡೆದುಹಾಕಿದ್ದು ತರಗತಿಯ ದೂರೊಂದನ್ನೇ.

ಹಾಗೆಂದು ಭಾಷೆಯ ತೊಡಕೇ ಇಲ್ಲವೆಂದಲ್ಲ. ಅದು ಎಲ್ಲಿದೆ ಎಂದು ತೋರಿಸಿದ್ದು ಆಕ್ಸ್‌ಫರ್ಡಿನ ಸ್ಟೀವ್ ಸ್ಟ್ರಾಂಡ್ ತಂಡದ 2015ರ ವರದಿ. 2013ರಲ್ಲಿ ಐದನೇ ವಯಸ್ಸಿನ ಮೌಲ್ಯಮಾಪನದಲ್ಲಿ ನಿಗದಿತ ಮಟ್ಟ ಮುಟ್ಟಿದವರು ಇಂಗ್ಲಿಷ್ ಮನೆಮಾತಿನವರಲ್ಲಿ ಶೇ. 54, ಬೇರೆಯವರಲ್ಲಿ ಶೇ. 44. ಅದೇ ವರ್ಷ ಹದಿನಾರರ ಪರೀಕ್ಷೆಯಲ್ಲಿ ಶೇ. 60.9 ಮತ್ತು 58.3. ಶಾಲೆಯಲ್ಲಿ ವರ್ಷಗಳು ಸಿಕ್ಕರೆ ಅಂತರ ಮುಚ್ಚಿಕೊಳ್ಳುತ್ತ ಬರುತ್ತದೆ. ಸಿಕ್ಕಿಬೀಳುವುದು ಪರೀಕ್ಷೆ ಹತ್ತಿರವಿರುವಾಗ ಹೊರದೇಶದಿಂದ ಬಂದು ಸೇರಿದ ಮಗು. ಹೆಚ್ಚಿನ ಮೇಷ್ಟ್ರು ಬೇಕಾದದ್ದು ಆ ಮಗುವಿಗೆ, ಮತ್ತು ಮನೆಮಾತು ಇಂಗ್ಲಿಷೇ ಆಗಿದ್ದರೂ ಬಡತನದಿಂದ ಹಿಂದುಳಿದ ಪಕ್ಕದ ಮಗುವಿಗೆ. ಒಬ್ಬರನ್ನು ತೋರಿಸಿ ಇನ್ನೊಬ್ಬರ ಕಷ್ಟಕ್ಕೆ ಕಾರಣ ಹೇಳುತ್ತಿರುವಷ್ಟು ಕಾಲ ಇಬ್ಬರಿಗೂ ಆ ನೆರವು ದಕ್ಕುವುದು ಕಷ್ಟ.