ಮೂತ್ರಾಂಗಗಳ ತೊಂದರೆಗಳು: ವರ್ತಕರು ಮುಂದೂಡಬಾರದ ತಪಾಸಣೆ

ಈ ಮಾಸಪತ್ರಿಕೆಯ ಪುಟಗಳಲ್ಲಿ ತೆರಿಗೆ, ಲೆಕ್ಕಪರಿಶೋಧನೆ ಹಾಗೂ ಕಾಯ್ದೆಗಳ ತಿದ್ದುಪಡಿಯನ್ನು ಕುರಿತು ಬರೆಯುವ ಲೆಕ್ಕಪರಿಶೋಧಕನೊಬ್ಬ ಮೂತ್ರಾಂಗಗಳ ಆರೋಗ್ಯದ ಬಗ್ಗೆ ಬರೆಯಹೊರಟಿರುವುದು ಕೆಲವು ಸದಸ್ಯ ಬಾಂಧವರಿಗೆ ವಿಚಿತ್ರವೆನಿಸಬಹುದು. ಆದರೆ ಅಂಗಡಿ, ಗೋದಾಮು ಮತ್ತು ಕಾರ್ಖಾನೆಗಳ ಖಾತೆ ಪುಸ್ತಕಗಳನ್ನು ವರ್ಷಗಟ್ಟಲೆ ನೋಡುತ್ತ ಬಂದವನಿಗೆ ಮಾಲೀಕರ ದಿನಚರಿಯೂ ಕಣ್ಣಿಗೆ ಬೀಳದೇ ಇರದು. ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಮಧ್ಯಾಹ್ನದ ಊಟದವರೆಗೆ ಏಳುವುದಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಗಲ್ಲಾ ಯಾರ ವಶಕ್ಕೆ ಕೊಡುವುದು? ಆದ್ದರಿಂದ ನೀರನ್ನೇ ಕಡಿಮೆ ಮಾಡುತ್ತಾರೆ, ಅರ್ಧ ಕಪ್ಪು ಚಹಾದಲ್ಲಿ ಬಾಯಾರಿಕೆ ತೀರಿಸಿಕೊಳ್ಳುತ್ತಾರೆ. ಹಳೆಯ ಪೇಟೆಯ ಅನೇಕ ವಾಣಿಜ್ಯ ಸಂಕೀರ್ಣಗಳಲ್ಲಿ ಶೌಚಾಲಯವು ನಕ್ಷೆಯಲ್ಲಿ ಮಾತ್ರ ಇರುತ್ತದೆ. ನಿಜವಾಗಿ ಇದ್ದ ಕಡೆ ಅದಕ್ಕೆ ಬೀಗ, ಬೀಗದ ಕೈ ಇನ್ನಾರ ಬಳಿಯೋ! ಮಳಿಗೆ ನಡೆಸುವ ಮಹಿಳೆಯರ ಕಷ್ಟವನ್ನಂತೂ ಹೇಳಬೇಕಾಗಿಲ್ಲ.

ಇದರ ಪರಿಣಾಮ ಒಂದೆರಡು ವರ್ಷಗಳಲ್ಲಿ ಕಾಣದೆ ಹತ್ತು, ಹದಿನೈದು ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಈ ಭಾಗದ ರೋಗವೆಂದರೆ ಸಂಕೋಚವೂ ಸೇರಿಕೊಳ್ಳುವುದರಿಂದ, ಮನೆಯವರಿಗೂ ಹೇಳದೆ ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವವರ ಸಂಖ್ಯೆ ಸಣ್ಣದಲ್ಲ.

ಮೂತ್ರಪಿಂಡದ ಕಲ್ಲು

ಮೂತ್ರದಲ್ಲಿ ಕರಗಿರುವ ಲವಣಗಳು, ನೀರು ಸಾಲದಾದಾಗ ಹರಳುಗಟ್ಟಿ ಕಲ್ಲಾಗುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಂತೆ ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ, ಹಾಗೆಯೇ ಯಾವ ಊರಿನಲ್ಲಾದರೂ ಎರಕದ ಕುಲುಮೆ, ಬಾಯ್ಲರು, ಬೇಕರಿ ಒಲೆಗಳ ಮುಂದೆ ದುಡಿಯುವವರಲ್ಲಿ ನೀರಿನ ಬಹುಭಾಗ ಬೆವರಾಗಿ ಹೋಗುತ್ತದೆ. ಹೀಗಾಗಿ ‘ನಾನು ದಿನಕ್ಕೆ ಮೂರು ಲೀಟರ್ ಕುಡಿಯುತ್ತೇನೆ’ ಎಂಬ ಲೆಕ್ಕ ಅಪೂರ್ಣ. ಒಮ್ಮೆ ಕಲ್ಲಾದವರು ದಿನಕ್ಕೆ ಸುಮಾರು ಎರಡೂವರೆ ಲೀಟರ್ ಮೂತ್ರ ಹೊರಬರುವಷ್ಟು ನೀರು ಕುಡಿಯಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನೋಡಬೇಕಾದುದು ಆವಕವನ್ನಲ್ಲ, ಜಾವಕವನ್ನು. ಮೂತ್ರದ ಬಣ್ಣ ತಿಳಿಯಾಗಿದ್ದರೆ ಸಾಕು, ಅಳತೆ ಪಾತ್ರೆ ಬೇಕಿಲ್ಲ. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವಿರುವವರಿಗೆ ಮಾತ್ರ ಈ ಮಾತು ಅನ್ವಯಿಸದು, ಅವರು ವೈದ್ಯರು ವಿಧಿಸಿದ ಮಿತಿಯಲ್ಲಿಯೇ ಇರಬೇಕು.

ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಇದನ್ನು ಕೇಳಿದೊಡನೆ ಹಾಲು, ಮೊಸರು ಬಿಡುವವರಿದ್ದಾರೆ. ಇದು ತಪ್ಪು ಕ್ರಮ. ಆಹಾರದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಸಾಗಿಸುತ್ತದೆ. ಹಾಲು ಬಿಟ್ಟರೆ ಆಕ್ಸಲೇಟ್ ಹೆಚ್ಚಾಗಿ ಮೂತ್ರಕ್ಕೆ ಸೇರುತ್ತದೆ. ಕಡಿಮೆ ಮಾಡಬೇಕಾದುದು ಉಪ್ಪು, ಅಂದರೆ ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿಗಳು. ಮಾಂಸಾಹಾರವೂ ಮಿತಿಯಲ್ಲಿರಬೇಕು. ಬಿಯರ್ ಕುಡಿದರೆ ಕಲ್ಲು ಬೀಳುತ್ತದೆಂಬ ನಂಬಿಕೆಗೆ ಪೇಟೆಯಲ್ಲಿ ಬೆಂಬಲಿಗರು ಹೆಚ್ಚು, ವೈದ್ಯಶಾಸ್ತ್ರದಲ್ಲಿ ಇಲ್ಲ.

ಪಕ್ಕೆಯಿಂದ ತೊಡೆಸಂದಿನವರೆಗೆ ಹರಿಯುವ, ಕುಳಿತರೂ ಮಲಗಿದರೂ ಸಮಾಧಾನವಿಲ್ಲದ ನೋವು ಕಲ್ಲಿನ ಲಕ್ಷಣ. ನಾಲ್ಕೈದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ಆದರೆ ನೋವಿನ ಜೊತೆಗೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ವಾಂತಿಯಿಂದ ನೀರೂ ನಿಲ್ಲದಾದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆ ಸೇರಬೇಕು. ಮುಚ್ಚಿದ ನಾಳದ ಹಿಂದೆ ಸೋಂಕು ತುಂಬಿದರೆ ಅದು ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಮುಖ್ಯವೆಂದು ನನ್ನ ಭಾವನೆ. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತೆಂದು ಅರ್ಥವಲ್ಲ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಸದ್ದಿಲ್ಲದೆ ತಿಂಗಳುಗಟ್ಟಲೆ ಕುಳಿತು ಆ ಬದಿಯ ಮೂತ್ರಪಿಂಡವನ್ನೇ ನಿಷ್ಕ್ರಿಯಗೊಳಿಸಬಹುದು. ಕಲ್ಲು ಬಿದ್ದುದನ್ನು ಕಣ್ಣಾರೆ ನೋಡದಿದ್ದಲ್ಲಿ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಕಲ್ಲನ್ನು ಹೊರಗಿನಿಂದಲೇ ಆಘಾತ ತರಂಗಗಳಿಂದ ಪುಡಿಮಾಡುವ ಯಂತ್ರದ ಮೂಲ ಉತ್ಪಾದಕ ಬಂಧುಗಳಿಗೆ ಆಸಕ್ತಿಕರವೆನಿಸೀತು. ಅದನ್ನು ರೂಪಿಸಿದ್ದು ಜರ್ಮನಿಯ ವಿಮಾನ ತಯಾರಿಕಾ ಸಂಸ್ಥೆಯಾದ ಡಾರ್ನಿಯರ್. ಅತಿವೇಗದ ವಿಮಾನಗಳ ಮೇಲೆ ಉಂಟಾಗುವ ಆಘಾತ ತರಂಗಗಳ ಅಧ್ಯಯನವೇ ಇದಕ್ಕೆ ದಾರಿಮಾಡಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನೀಡಲಾಯಿತು. ಈಗ ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಹಾಯಿಸಿ ಲೇಸರ್‌ನಿಂದ ಕಲ್ಲನ್ನು ಒಡೆಯುವ ವಿಧಾನವೂ ವ್ಯಾಪಕವಾಗಿದೆ.

ಇಂತಹ ಚಿಕಿತ್ಸೆಯ ನಂತರ ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ತೆಳು ಕೊಳವೆಯನ್ನು ತಾತ್ಕಾಲಿಕವಾಗಿ ಇರಿಸುವುದುಂಟು. ಅದನ್ನು ಕೆಲವೇ ವಾರಗಳಲ್ಲಿ, ಹೆಚ್ಚೆಂದರೆ ವೈದ್ಯರು ಹೇಳಿದ ತಿಂಗಳುಗಳೊಳಗೆ ತೆಗೆಸಲೇಬೇಕು. ನೋವು ಹೋಯಿತೆಂದು ಮರೆತುಬಿಡುವವರಿದ್ದಾರೆ. ಮರೆತ ಸ್ಟೆಂಟಿನ ಮೇಲೆ ಲವಣ ಗಟ್ಟಿಯಾಗಿ, ಅದೇ ಕಲ್ಲಾಗಿ, ಮೂತ್ರಪಿಂಡವನ್ನೇ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಜಿಎಸ್‌ಟಿ ವಿವರಪಟ್ಟಿಯ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವವರು ಈ ದಿನಾಂಕವನ್ನೂ ಅಲ್ಲಿಯೇ ಗುರುತಿಸತಕ್ಕದ್ದು.

ಐವತ್ತು ದಾಟಿದವರಿಗೆ

ಪುರುಷರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಿನೊಡನೆ ದೊಡ್ಡದಾಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಧಾರೆ ಕ್ಷೀಣವಾಗುವುದು, ಆರಂಭವಾಗಲು ತಡವಾಗುವುದು, ರಾತ್ರಿ ಎರಡು ಮೂರು ಬಾರಿ ಏಳಬೇಕಾಗುವುದು ಇವೆಲ್ಲ ‘ವಯಸ್ಸಾಯಿತು’ ಎಂದು ತಳ್ಳಿಹಾಕುವ ವಿಷಯಗಳಲ್ಲ. ಮಾತ್ರೆಗಳಿಂದ ಬಹಳಷ್ಟು ಜನರಿಗೆ ಪರಿಹಾರ ಸಿಗುತ್ತದೆ. ಉದಾಸೀನ ಮಾಡಿದಲ್ಲಿ ಒಂದು ದಿನ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಉಬ್ಬಿ, ತುರ್ತಾಗಿ ನಳಿಕೆ ಹಾಕಿಸಿಕೊಳ್ಳುವ ಪ್ರಸಂಗ ಬರುತ್ತದೆ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ಪಡೆವ ಕೆಲವು ಮಾತ್ರೆಗಳೂ ಇದಕ್ಕೆ ನೆಪವಾಗಬಲ್ಲವು. ಟ್ಯಾಮ್ಸುಲೋಸಿನ್ ಸೇವಿಸುತ್ತಿರುವವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವಾಗ ಆ ವಿಷಯವನ್ನು ನೇತ್ರ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಔಷಧಿಯು ಕಣ್ಣಿನ ಪಾಪೆಯ ಸ್ನಾಯುವಿನ ಮೇಲೂ ಪ್ರಭಾವ ಬೀರುತ್ತದೆ.

ಪಿಎಸ್‌ಎ ಎಂಬ ರಕ್ತಪರೀಕ್ಷೆಯು ಪ್ಯಾಕೇಜ್ ತಪಾಸಣೆಗಳಲ್ಲಿ ಸೇರಿರುತ್ತದೆ. ಗ್ರಂಥಿ ಊದಿದ್ದರೂ, ಸೋಂಕಿದ್ದರೂ ಆ ಅಂಕಿ ಏರುತ್ತದೆ. ಏರಿದ ಅಂಕಿ ಕಂಡು ಧೃತಿಗೆಡುವುದೂ, ವರದಿಯನ್ನು ಕಪಾಟಿನಲ್ಲಿಟ್ಟು ಮರೆಯುವುದೂ ಎರಡೂ ಸಲ್ಲದು. ಅದನ್ನು ಓದಬೇಕಾದವರು ತಜ್ಞರು.

ರಕ್ತ ಕಂಡರೆ

ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸಿ, ಮರುದಿನ ತಾನಾಗಿ ನಿಂತುಹೋಗುವುದುಂಟು. ಈ ನಿಲುಗಡೆಯೇ ಅಪಾಯಕಾರಿ, ಏಕೆಂದರೆ ಮನುಷ್ಯ ನಿಶ್ಚಿಂತನಾಗುತ್ತಾನೆ. ಒಂದೇ ಬಾರಿ ಕಂಡರೂ ಸ್ಕ್ಯಾನ್ ಮತ್ತು ಮೂತ್ರಕೋಶದ ದರ್ಶಕ ಪರೀಕ್ಷೆ ಅಗತ್ಯವೇ ಎಂಬುದನ್ನು ತಜ್ಞರಿಂದ ತಿಳಿಯಬೇಕು. ಇದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಬೇಗ ಪತ್ತೆಯಾದರೆ ದುರ್ಬೀನಿನ ಚಿಕಿತ್ಸೆಯಿಂದಲೇ ಮುಗಿಯುವುದು, ತಡವಾದರೆ ಮೂತ್ರಕೋಶವನ್ನೇ ತೆಗೆಯುವವರೆಗೆ ಹೋಗುತ್ತದೆ. ಬೀಡಿ, ಸಿಗರೇಟು ಇದರ ಅತಿದೊಡ್ಡ ಕಾರಣ. ಹೊಗೆಯನ್ನು ಎಳೆಯುವುದು ಶ್ವಾಸಕೋಶವಾದರೂ ಅದರ ವಿಷ ರಕ್ತದ ಮೂಲಕ ಮೂತ್ರಕ್ಕಿಳಿದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ.

ಎರಡನೆಯ ಕಾರಣ ನೇರವಾಗಿ ನಮ್ಮ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಅವರು ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿ ವರದಿ ಮಾಡಿದರು. ಬೆಂಜಿಡೀನ್, ಬೀಟಾ ನ್ಯಾಫ್ತೈಲಮೀನ್ ಮುಂತಾದ ರಾಸಾಯನಿಕಗಳೇ ಇದಕ್ಕೆ ಕಾರಣವೆಂದು ಮುಂದೆ ಸ್ಥಾಪಿತವಾಯಿತು. ಬೆಂಜಿಡೀನ್ ಆಧಾರಿತ ಬಣ್ಣಗಳನ್ನು ಕೇಂದ್ರ ಸರ್ಕಾರವು 1990ರ ದಶಕದಲ್ಲಿ ನಿಷೇಧಿಸಿದೆ. ಆದರೆ ಈ ರೋಗವು ಸಂಪರ್ಕವಾದ ಹತ್ತಾರು ವರ್ಷಗಳ ಬಳಿಕ ಕಾಣಿಸಿಕೊಳ್ಳುವಂಥದು. ಹಿಂದೆ ನೂಲಿಗೆ ಬಣ್ಣ ಹಾಕುವ ಘಟಕ, ರಬ್ಬರ್ ಅಥವಾ ಚರ್ಮ ಹದಗೊಳಿಸುವ ಘಟಕಗಳಲ್ಲಿ ದುಡಿದು ಈಗ ಅರವತ್ತು ದಾಟಿದವರು ಆ ಹಿನ್ನೆಲೆಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಹಾಲಿ ಘಟಕಗಳ ಮಾಲೀಕರು ಬಣ್ಣ ಖರೀದಿಸುವಾಗ ದರವನ್ನಷ್ಟೇ ಕೇಳದೆ ಸರಬರಾಜುದಾರರಿಂದ ರಾಸಾಯನಿಕ ಸುರಕ್ಷತಾ ಪತ್ರವನ್ನೂ ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಬರುವ ಅಗ್ಗದ ಬಣ್ಣದ ಡಬ್ಬಿಯಲ್ಲಿ ಏನಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ. ಕೈಗವಸು, ಕೈತೊಳೆಯಲು ಸಾಬೂನು, ಕುಡಿಯುವ ನೀರು, ಶೌಚಾಲಯ ಇವುಗಳ ವೆಚ್ಚ ಆದಾಯ ತೆರಿಗೆಯಲ್ಲಿ ಪೂರ್ಣ ಮಾನ್ಯವಾದ ವ್ಯವಹಾರ ವೆಚ್ಚವೇ ಆಗಿರುತ್ತದೆ.

ಉರಿಮೂತ್ರದ ಬಗ್ಗೆ ಎರಡು ಮಾತು. ಸ್ತ್ರೀಯರಲ್ಲಿ ಇದು ಬಹು ಸಾಮಾನ್ಯ. ಹಿಂದಿನ ಬಾರಿ ಉಳಿದ ಆಂಟಿಬಯೋಟಿಕ್ ಮಾತ್ರೆಗಳನ್ನು ಎರಡು ದಿನ ನುಂಗಿ ಬಿಡುವುದರಿಂದ ಸೋಂಕು ಔಷಧಿಗೆ ಬಗ್ಗದಂತಾಗುತ್ತದೆ. ಮೂತ್ರ ಪರೀಕ್ಷೆ ಮಾಡಿಸಿ, ಬರೆದುಕೊಟ್ಟಷ್ಟು ದಿನ ತೆಗೆದುಕೊಳ್ಳಬೇಕು. ಗರ್ಭಿಣಿಯರು, ಮಧುಮೇಹಿಗಳು ಮತ್ತು ಪುರುಷರಲ್ಲಿ ಈ ಸೋಂಕು ಕಂಡರೆ ವೈದ್ಯರನ್ನು ನೋಡದೆ ಇರಬಾರದು. ಹಾಗೆಯೇ ಮನೆಯ ಹುಡುಗರಿಗೆ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಉಳಿಯುತ್ತದೆ. ಹುಡುಗರು ನಾಚಿಕೆಯಿಂದ ಹೇಳುವುದಿಲ್ಲ, ತಂದೆಯರು ಮೊದಲೇ ತಿಳಿಸಿರಬೇಕು.

ವಿಮೆ ಮತ್ತು ತೆರಿಗೆ

ಇನ್ನು ನನ್ನ ವೃತ್ತಿಗೆ ಸೇರಿದ ಭಾಗ. ಮೂತ್ರಪಿಂಡದ ಕಲ್ಲು ಹಾಗೂ ಪ್ರಾಸ್ಟೇಟ್ ಊತ, ಇವೆರಡಕ್ಕೂ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ಕಾಯುವ ಅವಧಿ ಇರುತ್ತದೆ. ನೋವು ಬಂದ ಮೇಲೆ ಪಾಲಿಸಿ ಕೊಂಡರೆ ಪ್ರಯೋಜನವಿಲ್ಲ. ಪಾಲಿಸಿಗೆ ಮೊದಲೇ ಇದ್ದ ರೋಗಗಳಿಗೆ ಗರಿಷ್ಠ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿದೆ. ಆದ್ದರಿಂದ ಹಳೆಯ ಕಲ್ಲನ್ನು ಅರ್ಜಿಯಲ್ಲಿ ಮುಚ್ಚಿಡುವುದು ಬುದ್ಧಿವಂತಿಕೆಯಲ್ಲ. ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮು ತಿರಸ್ಕೃತವಾಗುತ್ತದೆ, ಹೇಳಿದ್ದರೆ ಮೂರು ವರ್ಷಗಳಲ್ಲಿ ದೊರೆಯುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ನೌಕರರಿಗಾಗಿ ಸಂಸ್ಥೆಯ ಹೆಸರಿನಲ್ಲಿ ಪಡೆವ ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

80ಡಿ ಎಂದು ನಾವೆಲ್ಲ ಬಲ್ಲ ಕಡಿತದ ಮಿತಿಯೊಳಗೆ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿಗಳವರೆಗೆ ಅವಕಾಶವಿದ್ದು, ಈ ಮೊತ್ತವನ್ನು ನಗದಾಗಿ ಪಾವತಿಸಿದ್ದರೂ ನಡೆಯುತ್ತದೆ. ವಿಮಾ ಕಂತನ್ನು ಮಾತ್ರ ಬ್ಯಾಂಕಿನ ಮೂಲಕವೇ ಕಟ್ಟಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ ಈ ಅನುಕೂಲ. ಮೂತ್ರ ಪರೀಕ್ಷೆ, ರಕ್ತದ ಕ್ರಿಯಾಟಿನಿನ್ ಮತ್ತು ಹೊಟ್ಟೆಯ ಸ್ಕ್ಯಾನ್ ಈ ಮೊತ್ತದ ಆಸುಪಾಸಿನಲ್ಲಿ ಆಗಿಹೋಗುತ್ತವೆ. ಖಾಸಗಿ ವೆಚ್ಚ ಭರಿಸಲಾಗದ ಕಾರ್ಮಿಕರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ರಾಜ್ಯ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ತಪಾಸಣೆಯ ವರದಿ, ಡಿಸ್ಚಾರ್ಜ್ ಸಾರಾಂಶ, ಸ್ಟೆಂಟ್ ಹಾಕಿದ ಮತ್ತು ತೆಗೆದ ದಿನಾಂಕಗಳನ್ನು ದಿನಾಂಕವಾರು ಒಂದೇ ಫೈಲಿನಲ್ಲಿ ಇಡಬೇಕು. ವಿಮಾ ಕಂಪನಿಯವರು ಮೊದಲು ಕೇಳುವುದು ಅದನ್ನೇ.