ಪ್ರಜೆಗಳೇ ಶಾಸಕರಾದರೆ?

ಚುನಾವಣೆಯಲ್ಲಿ ನಾವು ಪ್ರತಿನಿಧಿಗಳನ್ನು ಆರಿಸುತ್ತೇವೆ. ಕಾನೂನು ಮಾಡುವ ಕೆಲಸವನ್ನು ಅವರಿಗೆ ಬಿಡುತ್ತೇವೆ. ಮತದಾರರೇ ಕಾನೂನಿನ ಕರಡನ್ನು ಮುಂದಿಟ್ಟು, ತಾವೇ ಮತ ಹಾಕಿ ಅದನ್ನು ಜಾರಿಗೆ ತರುವ ಪದ್ಧತಿಯೂ ಕೆಲವೆಡೆ ಇದೆ. ಇದಕ್ಕೆ ಜನೋಪಕ್ರಮ ಅಥವಾ ‘ಇನಿಷಿಯೇಟಿವ್’ ಎಂದು ಹೆಸರು. ನಮ್ಮ ಸಂವಿಧಾನದಲ್ಲಿ ಇದಕ್ಕೆ ಅವಕಾಶವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮತ್ತು ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ. ಇದರ ಗುಣದೋಷಗಳೆರಡನ್ನೂ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹೇಗೆ ಬಂತು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ರಾಜಕೀಯ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಹಿಡಿತದಲ್ಲಿತ್ತು. ಅದನ್ನು ಮುರಿಯುವ ಭರವಸೆ ಕೊಟ್ಟು ಗವರ್ನರ್ ಆದ ಹೈರಮ್ ಜಾನ್ಸನ್ ಕಾಲದಲ್ಲಿ, 1911ರಲ್ಲಿ, ಜನೋಪಕ್ರಮ ಜಾರಿಗೆ ಬಂತು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇ. 5ರಷ್ಟು ಸಹಿ ಸಂಗ್ರಹಿಸಿದರೆ ಹೊಸ ಕಾನೂನಿನ ಪ್ರಸ್ತಾಪವನ್ನು, ಶೇ. 8ರಷ್ಟು ಸಂಗ್ರಹಿಸಿದರೆ ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದಿಡಬಹುದು. ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅದು ಅಂಗೀಕಾರವಾದಂತೆ.

ಗುಣಗಳು

ಶಾಸಕರು ಮುಟ್ಟಲು ಹಿಂಜರಿಯುವ ವಿಷಯಗಳನ್ನು ಜನ ಮುಟ್ಟಬಹುದು. ತಮ್ಮ ಕ್ಷೇತ್ರದ ಗಡಿಯನ್ನು ತಾವೇ ಗುರುತಿಸಿಕೊಳ್ಳುವ ಅಧಿಕಾರವನ್ನು ಯಾವ ಶಾಸಕರು ತಾವಾಗಿ ಬಿಟ್ಟುಕೊಟ್ಟಾರು? 2008ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ರಾಜ್ಯ ಶಾಸನಸಭೆಯ ಕ್ಷೇತ್ರಗಳ ಮಟ್ಟಿಗೆ ಆ ಅಧಿಕಾರವನ್ನು ನಾಗರಿಕರ ಆಯೋಗವೊಂದಕ್ಕೆ ವಹಿಸಿದರು.

ಜನ ಬರೀ ಸವಲತ್ತುಗಳನ್ನೇ ಕೇಳುತ್ತಾರೆಂಬ ಆಕ್ಷೇಪವೂ ಪೂರ್ತಿ ನಿಜವಲ್ಲ. ಎಲ್ಲ ನೌಕರರಿಗೂ ವರ್ಷಕ್ಕೆ ಆರು ವಾರ ಸಂಬಳಸಹಿತ ರಜೆ ಕೊಡುವ ಪ್ರಸ್ತಾಪ 2012ರಲ್ಲಿ ಸ್ವಿಟ್ಜರ್ಲೆಂಡಿನ ಮತದಾರರ ಮುಂದೆ ಬಂತು. ಸುಮಾರು ಮೂರರಲ್ಲಿ ಎರಡು ಪಾಲು ಮತದಾರರು ಬೇಡವೆಂದರು.

ದೋಷಗಳು

ಶಾಸನಸಭೆಯಲ್ಲಿ ಮಸೂದೆಯನ್ನು ತಿದ್ದಬಹುದು, ಮಧ್ಯದ ದಾರಿ ಹುಡುಕಬಹುದು. ಮತಪತ್ರದಲ್ಲಿರುವುದು ಹೌದು, ಇಲ್ಲ ಎಂಬ ಎರಡೇ ಉತ್ತರ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಮನೆಗಳ ಬೆಲೆ ಏರಿತು, ಜೊತೆಗೆ ಆಸ್ತಿ ತೆರಿಗೆಯೂ ಏರಿತು. ನಿವೃತ್ತರು ತೆರಿಗೆ ಕಟ್ಟಲಾರದೆ ಸ್ವಂತ ಮನೆ ಕಳೆದುಕೊಳ್ಳುವ ಭಯದಲ್ಲಿದ್ದರು. ಶಾಸಕರು ಪರಿಹಾರವನ್ನು ಮುಂದೂಡುತ್ತಲೇ ಹೋದರು. 1978ರಲ್ಲಿ ‘13ನೇ ಪ್ರಸ್ತಾಪ’ ಸುಮಾರು ಶೇ. 65 ಮತಗಳಿಂದ ಗೆದ್ದಿತು. ತೆರಿಗೆ ಆಸ್ತಿಯ ಬೆಲೆಯ ಶೇ. 1ನ್ನು ಮೀರಬಾರದು, ಆಸ್ತಿ ಮಾರಾಟವಾಗುವವರೆಗೆ ತೆರಿಗೆಗಾಗಿ ಲೆಕ್ಕ ಹಾಕುವ ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು.

ಹಿರಿಯರ ಭಯ ದೂರವಾಯಿತು. ಆದರೆ ಆಸ್ತಿ ತೆರಿಗೆಯ ವರಮಾನ ಅರ್ಧಕ್ಕಿಂತ ಕೆಳಗಿಳಿಯಿತು. ಶಾಲೆಗಳು ನಡೆಯುತ್ತಿದ್ದುದು ಬಹುಪಾಲು ಅದರಿಂದಲೇ. ಆ ವರ್ಷ ಅನೇಕ ಕಡೆ ಬೇಸಿಗೆ ತರಗತಿಗಳು ರದ್ದಾದವು. ಮುಂದೆ ಶಾಲೆಗಳು ರಾಜ್ಯ ಸರ್ಕಾರದ ಹಣವನ್ನೇ ನೆಚ್ಚಬೇಕಾಯಿತು. ಆ ಮಕ್ಕಳಿಗೆ ಮತದ ಹಕ್ಕಿರಲಿಲ್ಲ ಎಂಬುದನ್ನು ನೆನಪಿಡಿ.

ಹೀಗೆ ಮತಪೆಟ್ಟಿಗೆಯಿಂದ ಹೊರಗೆ ಉಳಿದವರ ಗತಿಯೇನು? ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆಗೆ 1959ರಲ್ಲಿ ಪುರುಷರಷ್ಟೇ ಉತ್ತರಿಸಿದರು, ಬೇಡವೆಂದರು. ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ.

ಇನ್ನೊಂದು ದೋಷ ಹಣದ್ದು. ಕ್ಯಾಲಿಫೋರ್ನಿಯದಲ್ಲಿ ಸಹಿ ಸಂಗ್ರಹಿಸಲು ಕೂಲಿಗೆ ಜನ ಸಿಗುತ್ತಾರೆ. 2020ರಲ್ಲಿ ತಮ್ಮ ಚಾಲಕರನ್ನು ನೌಕರರೆಂದು ಪರಿಗಣಿಸಬಾರದೆಂಬ ಪ್ರಸ್ತಾಪವನ್ನು ಗೆಲ್ಲಿಸಲು ಊಬರ್, ಲಿಫ್ಟ್ ಮೊದಲಾದ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಸುರಿದವು, ಗೆದ್ದವು. ರೈಲ್ವೆ ಕಂಪನಿಯ ವಿರುದ್ಧ ಜನರ ಕೈಗೆ ಬಂದ ಅಸ್ತ್ರ ಬೇರೆ ಕಂಪನಿಗಳಿಗೂ ಒದಗಿತು.

ಹಾಗಾದರೆ ಜನೋಪಕ್ರಮ ಬೇಡವೇ? ಜಡವಾದ ಶಾಸನಸಭೆಯನ್ನು ಎಚ್ಚರಿಸಲು ಅದು ಬೇಕು. ಆದರೆ ಪ್ರಶ್ನೆಯನ್ನು ಬರೆದವರು ಯಾರು, ಪ್ರಚಾರಕ್ಕೆ ಹಣ ಕೊಟ್ಟವರು ಯಾರು, ಮತ ಹಾಕಲಾಗದವರಿಗೆ ರಕ್ಷಣೆ ಏನು ಎಂಬುದನ್ನು ವಿಚಾರಿಸದಿದ್ದರೆ, ಎಣಿಕೆಯಲ್ಲಿ ಗೆದ್ದ ಮಾತ್ರಕ್ಕೆ ನ್ಯಾಯ ಸಿಕ್ಕಂತಾಗುವುದಿಲ್ಲ.

ತರಗತಿಯಲ್ಲಿ ಚರ್ಚಿಸಿ

1. ನೀವು 1978ರ ಕ್ಯಾಲಿಫೋರ್ನಿಯದ ಮತದಾರರಾಗಿದ್ದರೆ 13ನೇ ಪ್ರಸ್ತಾಪಕ್ಕೆ ಏನು ಉತ್ತರ ಕೊಡುತ್ತಿದ್ದಿರಿ? ಏಕೆ?

2. ಬಹುಮತಕ್ಕೂ ಬಿಡಬಾರದ ಹಕ್ಕುಗಳು ಯಾವುವು?