ಕಾರಖಾನೆ ಬಿಟ್ಟು ಹೊಲಕ್ಕೆ ಬರುವವರ ಚುಕ್ತಾ ಲೆಕ್ಕ

ಒಂಬತ್ತು ತಿಂಗಳ ಅರಿಶಿನವನ್ನು ಏಳನೆಯ ತಿಂಗಳಿಗೇ ಅಗೆಯುವ ರೈತ ನಮ್ಮ ತಾಳವಾಡಿ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ಕಾರಖಾನೆಯ ಕೆಲಸವನ್ನು ನಾಲ್ಕು ವರ್ಷ ಮೂರು ತಿಂಗಳಿಗೆ ಬಿಟ್ಟು, ಇನ್ನು ಕೆಲವು ತಿಂಗಳು ಇದ್ದಿದ್ದರೆ ಕೈಗೆ ಬರುತ್ತಿದ್ದ ಹಣವನ್ನು ಅಲ್ಲಿಯೇ ಬಿಟ್ಟು ಬರುವ ತರುಣರು ಹಳ್ಳಿಗೆ ನಾಲ್ಕಾರು ಮಂದಿ ಸಿಕ್ಕುತ್ತಾರೆ. ಕೆಲವರು ಉತ್ತರಕ್ಕೆ ಚಾಮರಾಜನಗರ, ನಂಜನಗೂಡು, ಬೆಂಗಳೂರುಗಳಿಗೆ ಹೋದವರು. ಕೆಲವರು ದಿಂಬಂ ಘಾಟಿ ಇಳಿದು ತಿರುಪ್ಪೂರು, ಕೊಯಮತ್ತೂರುಗಳ ಗಿರಣಿ ಸೇರಿದವರು. ತಂದೆಗೆ ವಯಸ್ಸಾಯಿತು, ಬಾವಿಗೆ ನೀರು ಬಂತು, ಇಲ್ಲವೆ ಎರಡು ಹಸು ಕಟ್ಟೋಣವೆನ್ನಿಸಿತು, ಹಿಂದಿರುಗುತ್ತಾರೆ. ಹಿಂದಿರುಗುವುದು ಸಂತೋಷದ ಮಾತೇ. ಆದರೆ ಹಿಂದಿರುಗುವಾಗ ಕಾರಖಾನೆಯ ಆಫೀಸಿನವರು ಮುಂದಿಟ್ಟ ಕಾಗದಕ್ಕೆ, ಅದು ಇಂಗ್ಲಿಷಿನಲ್ಲಿದೆ ಎಂಬ ಕಾರಣದಿಂದಲೇ ಓದದೆ ರುಜು ಹಾಕಿ ಬರುತ್ತಾರೆ. ಆಮೇಲೆ ಆ ಕಾಗದ ಹಿಡಿದು ನಮ್ಮ ಪಾಠಶಾಲೆಗೆ ಬರುತ್ತಾರೆ. ಲೆಕ್ಕ ಹೇಳಿಕೊಟ್ಟ ಮೇಷ್ಟ್ರಲ್ಲವೇ, ನೋಡಿ ಹೇಳಿ ಎನ್ನುತ್ತಾರೆ. ರುಜು ಆದ ಮೇಲೆ ನೋಡುವುದಕ್ಕಿಂತ ಮೊದಲೇ ನೋಡುವುದು ಮೇಲೆಂದು ಈ ಲೇಖನ ಬರೆದಿದ್ದೇವೆ.

ಕೆಲಸ ಬಿಡುವಾಗ ಬರುವ ಹಣ ಒಂದೇ ಗಂಟಲ್ಲ. ಕೆಲಸ ಮಾಡಿದ ದಿನಗಳ ಸಂಬಳ, ಉಳಿದ ರಜೆಯ ಹಣ, ಬೋನಸ್ಸು, ಗ್ರಾಚ್ಯುಯಿಟಿ, ಪ್ರಾವಿಡೆಂಟ್ ಫಂಡು ಎಂದು ಬೇರೆ ಬೇರೆ ಗಂಟುಗಳು. ಒಂದೊಂದಕ್ಕೂ ಒಂದೊಂದು ಗಡುವು, ಒಂದೊಂದು ಬಗೆಯ ತೆರಿಗೆ. ಎಲ್ಲವನ್ನೂ ಒಂದೇ ಮೊಬಲಗಾಗಿ ಕೂಡಿಸಿ ತೋರಿಸುವ ಲೆಕ್ಕವನ್ನು ಒಪ್ಪಬೇಡಿರಿ. ಬಾಬುವಾರು ಬರೆದು ಕೊಡಿರೆಂದು ಕೇಳಿರಿ. ತರಕಾರಿ ಮಂಡಿಯಲ್ಲಿ ತೂಕ, ದರ, ಕಮಿಷನ್, ಕೂಲಿ ಎಂದು ಬೇರೆ ಬೇರೆ ಬರೆಸಿಕೊಳ್ಳುವ ನಾವು ಇಲ್ಲೇಕೆ ಸುಮ್ಮನಿರಬೇಕು?

ಸಂಬಳದ ಬಾಕಿಯ ವಿಷಯ ಬೇಗ ಮುಗಿಯುತ್ತದೆ. ಹಿಂದಿನ 1936ರ ಕಾನೂನಿನಲ್ಲಿ ಮಾಲೀಕರೇ ಕೆಲಸದಿಂದ ತೆಗೆದರೆ ಮಾತ್ರ ಎರಡು ದಿನದೊಳಗೆ ಸಂಬಳ ಕೊಡಬೇಕಿತ್ತು. ತಾನಾಗಿ ಬಿಟ್ಟವನು ಬಟವಾಡೆಯ ದಿನದವರೆಗೆ ಕಾಯಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಸಂಬಳ ಸಲ್ಲಬೇಕು. ನೇಮಕದ ಆದೇಶದಲ್ಲಿ ಒಂದು ತಿಂಗಳ ನೋಟೀಸು ಎಂದಿದ್ದು, ನೀವು ನೋಟೀಸು ಕೊಡದೆ ಬಂದರೆ ಆ ತಿಂಗಳ ಹಣವನ್ನು ಹಿಡಿಯುತ್ತಾರೆ. ಬಿತ್ತನೆಗೆ ಅವಸರವೆಂದು ಸೋಮವಾರ ಬೆಳಿಗ್ಗೆ ಫೋನು ಮಾಡಿ ಕೆಲಸ ಬಿಟ್ಟೆನೆಂದು ಹೇಳುವವರು ಇದನ್ನು ನೆನಪಿಡಬೇಕು. ಬೋನಸ್ಸು ವರ್ಷದ ಲೆಕ್ಕ ಮುಗಿದ ಮೇಲೆ ಎಂಟು ತಿಂಗಳೊಳಗೆ ಬರತಕ್ಕದ್ದು. ಬೋನಸ್ಸಿಗೆ ಒಳಪಡುವ ಸಂಬಳದವನು ಆ ವರ್ಷ ಮೂವತ್ತು ದಿನ ಕೆಲಸ ಮಾಡಿದ್ದರೆ, ಮಧ್ಯೆ ಬಿಟ್ಟರೂ ಅವನ ಪಾಲು ಉಂಟು. ಆದುದರಿಂದ ಬ್ಯಾಂಕಿನ ಹಳೆಯ ಖಾತೆಯನ್ನು ಕೂಡಲೆ ಮುಚ್ಚಬೇಡಿರಿ.

ರಜೆಗೆ ಬರೋಣ. ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ರಜೆ ಎಂಬುದು ಕಾರಖಾನೆ ಕಾನೂನಿನ ಹಳೆಯ ಲೆಕ್ಕ, ಹೊಸ ಸಂಹಿತೆಯಲ್ಲಿಯೂ ಅದೇ. ಬಳಸದೆ ಉಳಿದ ರಜೆಗೆ ಕೆಲಸ ಬಿಡುವಾಗ ಹಣ ಸಲ್ಲಬೇಕು. ಕೆಲಸದಲ್ಲಿ ಇರುವಾಗಲೇ ರಜೆ ಮಾರಿ ಪಡೆದ ಹಣಕ್ಕೆ ತೆರಿಗೆ ಉಂಟು. ಕೆಲಸ ಬಿಡುವಾಗ ಪಡೆದರೆ ಕಾನೂನು ಹೇಳಿದ ಮಿತಿಯೊಳಗೆ ತೆರಿಗೆ ಇಲ್ಲ. ಖಾಸಗಿ ನೌಕರರಿಗೆ ಈ ವಿನಾಯಿತಿಯ ಮೇಲ್ಮಿತಿ ಬಹುಕಾಲ 3 ಲಕ್ಷ ರೂಪಾಯಿ ಇದ್ದುದು 2023ರ ಏಪ್ರಿಲ್ 1ರಿಂದ 25 ಲಕ್ಷವಾಗಿದೆ. ನಮ್ಮ ಹುಡುಗರಲ್ಲಿ ಯಾರೂ ಆ ಮಿತಿ ಮುಟ್ಟುವವರಲ್ಲ.

ಇನ್ನು ಗ್ರಾಚ್ಯುಯಿಟಿ. ದಿನ ಎಣಿಸಬೇಕಾದುದು ಮುಖ್ಯವಾಗಿ ಇಲ್ಲಿ. 1972ರ ಕಾನೂನಿನಿಂದ ಬಂದ ಈ ಹಕ್ಕು ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅನ್ವಯಿಸುತ್ತದೆ. ಕಾಯಂ ಕೆಲಸಗಾರನಿಗೆ ಐದು ವರ್ಷ ಬಿಡದೆ ಸೇವೆಯಾಗಿರಬೇಕು. ಸಾವು ಅಥವಾ ಅಂಗವೈಕಲ್ಯದಲ್ಲಿ ಈ ನಿಬಂಧನೆ ಇಲ್ಲ. ಕಡೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಆರು ತಿಂಗಳಿಗೆ ಮೀರಿದ ತುಂಡು ಕಾಲವನ್ನು ಪೂರ್ತಿ ವರ್ಷವೆಂದು ಹಿಡಿಯಬೇಕು. ಹದಿಮೂರು ಸಾವಿರ ಸಂಬಳದವನು ಆರು ವರ್ಷ ಏಳು ತಿಂಗಳು ದುಡಿದನೆನ್ನಿರಿ. ದಿನಕ್ಕೆ 500, ಹದಿನೈದು ದಿನಕ್ಕೆ 7,500, ಏಳು ವರ್ಷಕ್ಕೆ 52,500 ರೂಪಾಯಿ. ಅದೇ ಮನುಷ್ಯ ಆರು ವರ್ಷ ಐದು ತಿಂಗಳಿಗೆ ಬಿಟ್ಟರೆ 45,000 ಮಾತ್ರ. ನಾಲ್ಕು ವರ್ಷ ಮೂರು ತಿಂಗಳಿಗೆ ಬಿಟ್ಟರೆ ಏನೂ ಇಲ್ಲ. ಐದು ತುಂಬಿಸಿ ಬಿಟ್ಟರೆ 37,500. ಕೊಟ್ಟಿಗೆ ಹಾಕಲು ಸಾಲಕ್ಕೆ ಓಡಾಡುವವನಿಗೆ ಇದು ಸಣ್ಣ ಹಣವಲ್ಲ.

ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ತುಂಬಿದಂತೆಯೇ ಎಂದು ಮದರಾಸು ಉಚ್ಚ ನ್ಯಾಯಾಲಯ ಹಿಂದೆಯೇ ತೀರ್ಪು ಕೊಟ್ಟಿದೆ. ಆದರೆ ಎಲ್ಲ ಮಾಲೀಕರೂ ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ತಗಾದೆ ಹೂಡುವ ಶಕ್ತಿ ಇಲ್ಲದವರು ಐದು ವರ್ಷ ಪೂರ್ತಿ ಮಾಡಿಯೇ ಬಿಡುವುದು ಲೇಸು. ಇಷ್ಟು ಅವಧಿಗೆಂದು ಬರೆಸಿಕೊಂಡು ನೇಮಕವಾದವರಿಗೆ, 2025ರ ನವೆಂಬರಿನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಒಂದು ವರ್ಷ ಕೆಲಸವಾದರೆ ಸಾಕು. ಇದು ದೊಡ್ಡ ಬದಲಾವಣೆ. ಹಲವು ಹುಡುಗರಿಗೆ ಇನ್ನೂ ತಿಳಿದಿಲ್ಲ. ಸಂಬಳವನ್ನು ನಾನಾ ಭತ್ಯೆಗಳಾಗಿ ಒಡೆದು ಮೂಲವೇತನವನ್ನು ಚಿಕ್ಕದು ಮಾಡುವ ಉಪಾಯಕ್ಕೂ ಹೊಸ ಸಂಹಿತೆ ತಡೆ ಹಾಕಿದೆ: ಭತ್ಯೆಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಗ್ರಾಚ್ಯುಯಿಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಉಂಟು. ತೆರಿಗೆಯ ವಿನಾಯಿತಿ ಒಬ್ಬನ ಜೀವಮಾನದಲ್ಲಿ 20 ಲಕ್ಷದವರೆಗೆ ಇರುವುದರಿಂದ ಈ ಹಣಕ್ಕೆ ತೆರಿಗೆ ಹಿಡಿದರೆ ಯಾಕೆಂದು ಕೇಳಿರಿ.

ಎಲ್ಲಕ್ಕಿಂತ ಹೆಚ್ಚು ತೊಡಕು ಪ್ರಾವಿಡೆಂಟ್ ಫಂಡಿನಲ್ಲಿ; ಹುಡುಗರು ಪಿ.ಎಫ್. ಎನ್ನುವುದು. ಸಂಬಳದ ನೂರಕ್ಕೆ 12 ನಮ್ಮದು, 12 ಮಾಲೀಕರದು. ಮಾಲೀಕರ ಪಾಲಿನಲ್ಲಿ 8.33 ಪೆನ್ಷನ್ನಿಗೆ ಹೋಗುತ್ತದೆ, 3.67 ಮಾತ್ರ ಫಂಡಿಗೆ. ಹದಿಮೂರು ಸಾವಿರ ಸಂಬಳಕ್ಕೆ ತಿಂಗಳಿಗೆ 1,560 ಮತ್ತು 477, ಕೂಡಿದರೆ 2,037. ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟು ಸುಮಾರು 97,800 ರೂಪಾಯಿ. ಹಿಂದಿರುಗಿದ ತರುಣ ಮೊದಲು ಕೈ ಹಾಕುವುದು ಇದಕ್ಕೆ.

ಕೈ ಹಾಕುವ ಮೊದಲು ಯೋಚಿಸಬೇಕು. ಐದು ವರ್ಷ ಸತತ ಸೇವೆಯಾದ ಮೇಲೆ ತೆಗೆದರೆ ತೆರಿಗೆ ಇಲ್ಲ. ಅದಕ್ಕೆ ಮೊದಲು ತೆಗೆದರೆ ಮಾಲೀಕರ ಪಾಲು ಮತ್ತು ಬಡ್ಡಿ ಆ ವರ್ಷದ ಆದಾಯಕ್ಕೆ ಸೇರುತ್ತವೆ. ಮೊತ್ತ 50,000 ಅಥವಾ ಮೇಲಿದ್ದರೆ ಕಚೇರಿಯವರೇ ನೂರಕ್ಕೆ 10ರಂತೆ ಹಿಡಿದು ಉಳಿದುದನ್ನು ಕಳಿಸುತ್ತಾರೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ನೂರಕ್ಕೆ 20. ಲಕ್ಷ ರೂಪಾಯಿ ತೆಗೆದವನಿಗೆ ಪ್ಯಾನ್ ಇದ್ದರೆ ಹತ್ತು ಸಾವಿರ, ಇಲ್ಲದಿದ್ದರೆ ಇಪ್ಪತ್ತು ಸಾವಿರ ಖೋತಾ. ಕಾಯಿಲೆಯಿಂದ ಅಥವಾ ಕಾರಖಾನೆ ಮುಚ್ಚಿದ್ದರಿಂದ ಕೆಲಸ ಹೋದವರಿಗೆ ಈ ಐದು ವರ್ಷದ ಕಟ್ಟು ಇಲ್ಲ. ಅದಕ್ಕೆ ದಾಖಲೆ ಬೇಕು. ಒಂದು ಕಾರಖಾನೆಯಲ್ಲಿ ಎರಡು, ಇನ್ನೊಂದರಲ್ಲಿ ಮೂರು ವರ್ಷ ಮಾಡಿದವನು ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿದ್ದರೆ ತೆರಿಗೆಯ ಲೆಕ್ಕಕ್ಕೆ ಐದು ವರ್ಷ ತುಂಬುತ್ತದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಖಾತೆ ತೆರೆಯುವ ಕಡೆ ಇದು ಬಹಳ ಮುಖ್ಯ. ಗ್ರಾಚ್ಯುಯಿಟಿ ಮಾತ್ರ ಹೀಗೆ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಕೂಡುವುದಿಲ್ಲ.

ಹಿಂದೆ ಎರಡು ತಿಂಗಳು ಕೆಲಸವಿಲ್ಲದೆ ಇದ್ದರೆ ಪೂರ್ತಿ ಹಣ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಫಂಡಿನ ಟ್ರಸ್ಟಿಗಳ ಮಂಡಳಿ, ಮುಕ್ಕಾಲು ಭಾಗವನ್ನು ಕೂಡಲೆ, ಉಳಿದ ಕಾಲು ಭಾಗವನ್ನು ಹನ್ನೆರಡು ತಿಂಗಳ ನಂತರ ಎಂದು ತೀರ್ಮಾನಿಸಿತು. ಆದುದರಿಂದ ಪೂರ್ತಿ ಹಣ ಎರಡು ತಿಂಗಳಲ್ಲಿ ಬರುತ್ತದೆಂದು ನಂಬಿ ಬೋರು ಕೊರೆಸಲು ಮುಂಗಡ ಕೊಡಬೇಡಿರಿ. ಅವಸರವಿಲ್ಲದವರು ಬಿಟ್ಟಿದ್ದರೂ ನಷ್ಟವಿಲ್ಲ. 2024-25ಕ್ಕೆ ನೂರಕ್ಕೆ 8.25 ಬಡ್ಡಿ ಬಂದಿದೆ. ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೆ ಮಾತ್ರ ತೆರಿಗೆ ಉಂಟು. ಪೆನ್ಷನ್ ಭಾಗವನ್ನು ಹತ್ತು ವರ್ಷ ಆಗದವರು ನಗದಾಗಿ ಪಡೆಯುವ ಬದಲು ಸೇವೆಯ ಪ್ರಮಾಣಪತ್ರವಾಗಿ ಇಟ್ಟುಕೊಳ್ಳಬಹುದು. ಮುಂದೆಂದಾದರೂ ಮತ್ತೆ ಕಾರಖಾನೆ ಸೇರಿದರೆ ಆ ವರ್ಷಗಳು ಕೂಡಿಕೊಳ್ಳುತ್ತವೆ. ಮಳೆಯನ್ನು ನಂಬಿದ ನಮ್ಮ ಬೇಸಾಯದಲ್ಲಿ ಮತ್ತೆ ಹೋಗುವ ಪ್ರಸಂಗ ಬರಲಾರದೆಂದು ಹೇಳುವವರು ಯಾರು?

ಗಡಿಯ ಈಚೆ ಇರುವ ನಮಗೆ ಇನ್ನೊಂದು ತೊಂದರೆ ಉಂಟು, ಅದು ಹೆಸರಿನದು. ತಮಿಳು ಲಿಪಿಯಲ್ಲಿ ಬಕಾರ ಪಕಾರಗಳಿಗೆ ಒಂದೇ ಅಕ್ಷರ. ಬಸವಣ್ಣ ಎಂಬ ಹೆಸರು ಇಲ್ಲಿಯ ದಾಖಲೆಯಲ್ಲಿ ತಮಿಳಿನಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಪಸವಣ್ಣನಾಗಬಹುದು. ನಂಜನಗೂಡಿನ ಕಾರಖಾನೆಯಲ್ಲಿ ಕನ್ನಡದವರು ಕೇಳಿಸಿಕೊಂಡಂತೆ ಬಸವಣ್ಣ ಎಂದೇ ಬರೆಯುತ್ತಾರೆ. ಇಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಮುಂದೆ, ಅಲ್ಲಿ ಹಿಂದೆ. ಆಧಾರ್, ಪ್ಯಾನ್, ಫಂಡಿನ ಖಾತೆ ಈ ಮೂರರಲ್ಲಿ ಹೆಸರು ಹೊಂದದಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ನಮ್ಮಲ್ಲಿ ಓದಿದ ಹುಡುಗನೊಬ್ಬನ ಅರ್ಜಿ ಇದೇ ಕಾರಣಕ್ಕೆ ಮೂರು ಸಲ ಹಿಂದಿರುಗಿತು. ಅಷ್ಟರಲ್ಲಿ ಅವನ ಗುತ್ತಿಗೆದಾರ ಊರು ಬಿಟ್ಟಿದ್ದ, ತಿದ್ದುಪಡಿಯ ಕಾಗದಕ್ಕೆ ರುಜು ಹಾಕುವವರೇ ಇರಲಿಲ್ಲ. 2017ರ ಅಕ್ಟೋಬರ್ ನಂತರ ಆಧಾರ್ ಮೂಲಕ ಸಿಕ್ಕ ಹನ್ನೆರಡು ಅಂಕಿಯ ಫಂಡಿನ ಸಂಖ್ಯೆಯಾದರೆ, 2025ರ ಜನವರಿಯಿಂದ ಹೆಸರು, ಜನ್ಮದಿನಗಳನ್ನು ಮನೆಯಿಂದಲೇ ತಿದ್ದಿಕೊಳ್ಳುವ ಸೌಕರ್ಯ ಬಂದಿದೆ. ಹಳೆಯ ಸಂಖ್ಯೆಯವರು ಕೆಲಸದಲ್ಲಿ ಇರುವಾಗಲೇ ಮಾಲೀಕರ ರುಜುವಿನೊಂದಿಗೆ ಸರಿಪಡಿಸಿಕೊಳ್ಳಬೇಕು. ಕೆಲಸ ಬಿಟ್ಟ ತಾರೀಖನ್ನು ಮಾಲೀಕರು ಖಾತೆಯಲ್ಲಿ ನಮೂದಿಸಿದರೇ ಎಂದೂ ನೋಡಿರಿ.

ದೂರು ಕೊಡಬೇಕಾದಲ್ಲಿ ನಾವು ಇರುವ ಊರಿನ ಕಚೇರಿಗೆ ಹೋದರೆ ಪ್ರಯೋಜನವಿಲ್ಲ. ನಂಜನಗೂಡಿನಲ್ಲಿ ದುಡಿದವನ ಸಂಬಳ, ಗ್ರಾಚ್ಯುಯಿಟಿಗಳ ತಗಾದೆ ಮೈಸೂರು ಕಡೆಯ ಕಾರ್ಮಿಕ ಇಲಾಖೆಗೆ ಸೇರಿದ್ದು, ತಿರುಪ್ಪೂರಿನಲ್ಲಿ ದುಡಿದವನದು ಅಲ್ಲಿಯ ಇಲಾಖೆಗೆ. ಆದಾಯ ತೆರಿಗೆ ಮಾತ್ರ ಕೇಂದ್ರದ್ದು, ಅದಕ್ಕೆ ಗಡಿ ಇಲ್ಲ.

ಹಿಡಿದ ತೆರಿಗೆ ಹೋಯಿತೆಂದು ಸುಮ್ಮನಾಗುವುದು ತಪ್ಪು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷದ ಆದಾಯ 12 ಲಕ್ಷದವರೆಗೆ, ಸಂಬಳದವರಿಗೆ 12 ಲಕ್ಷ 75 ಸಾವಿರದವರೆಗೆ, ತೆರಿಗೆ ಬೀಳುವುದಿಲ್ಲ. ಫಂಡಿನಿಂದ ಹಿಡಿದ ಹತ್ತು ಸಾವಿರ ನಮ್ಮ ಹುಡುಗರಲ್ಲಿ ಬಹುಮಂದಿಗೆ ಪೂರ್ತಿ ಹಿಂದಿರುಗಬೇಕಾದ ಹಣ. ಆದರೆ ರಿಟರ್ನ್ ಸಲ್ಲಿಸಿದವನಿಗೆ ಮಾತ್ರ. ಹಿಡಿಯದಂತೆ ಮೊದಲೇ ತಡೆಯಲು, ತೆರಿಗೆ ಬೀಳುವಷ್ಟು ಆದಾಯವಿಲ್ಲವೆಂಬ ಘೋಷಣೆ, ಜನ 15-ಜಿ ಎಂದು ಕರೆಯುತ್ತ ಬಂದದ್ದನ್ನು, ಅರ್ಜಿಯ ಜೊತೆಗೆ ಕೊಡಬಹುದು. 1961ರ ಶಾಸನದ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಶಾಸನ ಬಂದಿರುವುದರಿಂದ ನಮೂನೆಗಳ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಿರಿ. ಕಾರಖಾನೆಯಿಂದ ಬರುವಾಗ ತೆರಿಗೆ ಕಡಿತದ ಪ್ರಮಾಣಪತ್ರ, ಕಡೆಯ ಮೂರು ಸಂಬಳ ಚೀಟಿ, ಸೇವಾ ಪತ್ರ, ಬಾಬುವಾರು ಲೆಕ್ಕ ಇಷ್ಟನ್ನು ಕೇಳಿ ತರತಕ್ಕದ್ದು.

ರಿಟರ್ನ್ ಬರೆಯುವಾಗ ರೈತರಾದ ನಾವು ಗಮನಿಸಬೇಕಾದದ್ದೊಂದು ಉಳಿಯಿತು. ರಾಗಿ, ಅರಿಶಿನ, ಕೋಸುಗಳ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಅದು ವರ್ಷಕ್ಕೆ 5,000 ಮೀರಿದರೆ ಸಹಜ್ ಎಂಬ ಸಣ್ಣ ನಮೂನೆ ನಡೆಯುವುದಿಲ್ಲ, ದೊಡ್ಡದನ್ನೇ ತುಂಬಬೇಕು. ಹಾಲಿನ ಹಣ ಕಾನೂನಿನ ದೃಷ್ಟಿಯಲ್ಲಿ ಬೇಸಾಯದ ಆದಾಯವಲ್ಲ. ಹಸುವಿಗೆ ಹುಲ್ಲು ನಮ್ಮ ಹೊಲದ್ದೇ ಆದರೂ ಅದನ್ನು ಬೇರೆ ವ್ಯಾಪಾರವೆಂದೇ ತೋರಿಸಬೇಕು.